ಗುಡ್ಡಕ್ಕೆ ಓಡುವ ಗಾಡಿ

ಕಡಲು ದಿನಾ ಸಂಜೆ ಊರೊಳಗೆ ಬರತೊಡಗಿದ ಮೇಲೆ ಅಂಗಡಿಯಲ್ಲಿ ತೊಟ್ಟಿಲು ಕೇಳುವವರೇ ಇಲ್ಲ. ಸೈರನ್ ಕೂಗಿದೊಡನೆ ಗುಡ್ಡಕ್ಕೆ ತಳ್ಳಿಕೊಂಡು ಓಡುವ ಮಗುವಿನ ಗಾಡಿಯೇ ಎಲ್ಲರಿಗೂ ಬೇಕು.

ಅಂಗಡಿಯ ಹಮೀದ್ ಬ್ಯಾರಿ ದೊಡ್ಡ ಚಕ್ರದ್ದೊಂದನ್ನು ಎಳೆದು ತಂದರು. "ಇದು ತಗೊಳ್ಳಿ ಹಿಲ್ಡಾ ಬಾಯಿ. ಕಲ್ಲಿನ ಮೇಲೆ ಓಡಿದ್ರೂ ಮಗುವಿಗೆ ಎಚ್ಚರ ಆಗುದಿಲ್ಲ. ಹಿಡಿಯೂ ನಿಮ್ಮ ಎತ್ತರಕ್ಕೆ ಸರಿ ಉಂಟು."

ಹಿಲ್ಡಾ ಊದಿದ ಮೊಣಕಾಲು ನೀವಿಕೊಂಡಳು. ನಿನ್ನೆ ಮಗುವನ್ನೆತ್ತಿಕೊಂಡು ಗುಡ್ಡ ತಲುಪುವಷ್ಟರಲ್ಲಿ ನೀರು ಅವಳ ಸೊಂಟಕ್ಕೆ ಬಂದಿತ್ತು.

"ಹಿಡಿ ಇನ್ನೂ ತಗ್ಗಿನದ್ದು ಉಂಟಾ?"

"ಉಂಟು. ಆದ್ರೆ ನೀವು ಬಗ್ಗಿ ತಳ್ಳಬೇಕಾದೀತು ಮಾರಾಯ್ರೆ."

ಹಿಲ್ಡಾ ಅದನ್ನೇ ತರಿಸಿದಳು. ಬಾಗಿಲ ಬಳಿ ಐಸ್‌ಕ್ಯಾಂಡಿ ಚೀಪುತ್ತಿದ್ದ ಎಂಟು ವರ್ಷದ ಮಗಳನ್ನು ಕರೆದು, ಅವಳ ಎರಡೂ ಕೈಗಳನ್ನು ತಗ್ಗಿನ ಹಿಡಿಯ ಮೇಲಿಟ್ಟಳು.

"ತಳ್ಳಿ ನೋಡು ಲವೀನಾ. ಓಡುವಾಗ ಹಿಂದೆ ತಿರುಗಿ ನೋಡ್ಬಾರ್ದು, ಆಯ್ತಾ?"