ಎಡಗೈ ಕತ್ತರಿ

ಡಾ. ಪಿಟ್ ಕುಶಲ ಕೇಳಲಿಲ್ಲ. ಅರ್ಧ ಕುಡಿದಿಟ್ಟಿದ್ದ ತಮ್ಮ ಕಾಫಿ ಮಗ್ಗನ್ನು ಟೆಸ್ಸಾಳ ಮುಂದೆ ತಳ್ಳಿ, ಹೊಲಿಗೆ ಹಾಕುವ ನೈಲಾನ್ ದಾರವನ್ನು ಅದರ ಹಿಡಿಯೊಳಗೆ ತೂರಿಸಿ, "ಒಂದೇ ಕೈಯಲ್ಲಿ ಗಂಟು ಹಾಕ್ತಾ ಹೋಗಿ. ಬಾಯಿ ಖಾಲಿ ಇರತ್ತಲ್ಲ, ಸರ್ಜರಿನೇ ಯಾಕೆ ಬೇಕು ಅಂತ ಹೇಳ್ತಾ ಇರಿ," ಎಂದರು.

ಅಮೆರಿಕದ ಮಿಲ್ವಾಕಿಯ ಆ ಆಸ್ಪತ್ರೆಯ ಸರ್ಜರಿ ವಿಭಾಗಕ್ಕೆ ಅವರೇ ಮುಖ್ಯಸ್ಥರು. ವೈದ್ಯಕೀಯದ ಕೊನೆಯ ವರ್ಷದಲ್ಲಿದ್ದ ಟೆಸ್ಸಾ ವ್ರೊಬೆಲ್‌ಗೆ ಮುಂದಿನ ತರಬೇತಿ ಇಲ್ಲೇ ಸಿಗಬೇಕೆಂದು ಜೀವ ಬಡಿದುಕೊಳ್ಳುತ್ತಿತ್ತು. ಇಲ್ಲಿ ಮೊದಲ ವರ್ಷದವರ ಕೈಗೂ ಚಾಕು ಕೊಡುತ್ತಾರೆಂದು ಹೆಸರು. ಆದರೆ ಸಂದರ್ಶನದ ದಿನ ಯಾರೂ ಯಾರಿಗೂ ಮಾತು ಕೊಡುವಂತಿಲ್ಲ. ಮಾರ್ಚಿನಲ್ಲಿ ಫಲಿತಾಂಶ ಬರುವವರೆಗೆ ಎಲ್ಲರ ಬಾಯಿಗೂ ಬೀಗ. ಆಯ್ಕೆಯಾದವರು ಜುಲೈ ಒಂದಕ್ಕೆ ಬಂದು ಕೆಲಸಕ್ಕೆ ನಿಲ್ಲಬೇಕು, ಅಷ್ಟೇ.

ಟೆಸ್ಸಾ ಬಲಗೈಯಲ್ಲಿ ಶುರುಮಾಡಿದಳು. ಚಳಿಗಾಲವಿಡೀ ಕುರ್ಚಿಯ ಕಾಲು, ಬಾಗಿಲ ಹಿಡಿ, ಬೂಟಿನ ತೂತು, ಸಿಕ್ಕಿದ್ದಕ್ಕೆಲ್ಲ ಗಂಟು ಹಾಕಿ ಆ ಕೈಯನ್ನು ಪಳಗಿಸಿದ್ದಳು. ಉತ್ತರವನ್ನೂ ಗಿಣಿಪಾಠ ಮಾಡಿಕೊಂಡು ಬಂದಿದ್ದಳು. ಜನಸೇವೆ, ಶಿಸ್ತು, ತಂಡದ ಕೆಲಸ ಎಂದೆಲ್ಲ ಒಪ್ಪಿಸುತ್ತಾ ಹೋದಳು. ನಡುವೆ ದಾರ ಬೆರಳಿಗೆ ಸಿಕ್ಕಿಕೊಂಡಿತು, ಮಾತು ತಡವರಿಸಿತು. ಡಾ. ಪಿಟ್ ದಾರದ ಒಂದು ತುದಿ ಹಿಡಿದು ಮಗ್ಗನ್ನು ಮೇಲಕ್ಕೆತ್ತಿದರು. ಗಂಟುಗಳು ಒಂದರ ಹಿಂದೊಂದು ಜಾರಿದವು. ಮಗ್ಗು ಮೇಜಿಗೆ ಬಿದ್ದು ಕಾಫಿಯೆಲ್ಲ ಅವರ ಕಾಗದಗಳ ಮೇಲೆ ಹರಿಯಿತು. ಸಮಯಕ್ಕೆ ಸರಿಯಾಗಿ ಬಲಗೈ ಕೈಕೊಟ್ಟಿತ್ತು.

ಮುಗಿಯಿತು ಎಂದುಕೊಂಡಳು ಟೆಸ್ಸಾ. ಕಾಗದ ಒರೆಸಲು ಓಡಿಬಂದವಳು ಮೂಲೆಯಲ್ಲಿ ಕುಳಿತಿದ್ದ ಒಡೆಟ್ ಗೇನ್ಸ್, ತರಬೇತಿಯಲ್ಲಿರುವ ಡಾಕ್ಟರುಗಳಿಗೆಲ್ಲ ಹಿರಿಯಳು. ಹಿಂದಿನ ಸಂಜೆ ಅಭ್ಯರ್ಥಿಗಳಿಗೆ ಊಟ ಹಾಕಿಸಿದ್ದೂ ಅವಳೇ. ಇಂಥ ಊಟದಲ್ಲಿ ಇಲ್ಲಿನವರು ನಗಿಸಿ, ತಿನ್ನಿಸಿ, ಬೆಳಗಾಗುತ್ತಲೇ ಯಾರು ಹೇಗೆಂದು ದೊಡ್ಡವರಿಗೆ ವರದಿ ಒಪ್ಪಿಸುತ್ತಾರೆಂಬುದು ಎಲ್ಲ ಅಭ್ಯರ್ಥಿಗಳಿಗೂ ಗೊತ್ತು. ಟೆಸ್ಸಾ ಒಂದೇ ಲೋಟ ವೈನ್ ಕುಡಿದು, ಯಾರನ್ನೂ ಆಡಿಕೊಳ್ಳದೆ, ನಾಲಿಗೆಯನ್ನು ಹದ್ದುಬಸ್ತಿನಲ್ಲಿಟ್ಟಿದ್ದಳು.

"ಸರ್," ಎಂದಳು ಒಡೆಟ್, ಕಾಗದ ಒರೆಸುತ್ತಲೇ. "ನಿನ್ನೆ ಇವರು ಮಾಂಸ ಕುಯ್ದಿದ್ದು ಎಡಗೈಯಲ್ಲಿ. ಅಷ್ಟು ಚೆನ್ನಾಗಿ ಕುಯ್ಯೋರನ್ನ ನಾನು ನೋಡಿಲ್ಲ."

ನಾಲಿಗೆ ಕಾಯುವ ಭರದಲ್ಲಿ ಟೆಸ್ಸಾ ಕೈ ಕಾಯುವುದನ್ನು ಮರೆತಿದ್ದಳು.

"ಹೌದೇನಮ್ಮಾ?" ಡಾ. ಪಿಟ್ ಹುಬ್ಬೇರಿಸಿದರು. "ಮತ್ತೆ ಇದೇನು ನಾಟಕ?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಎಡಚರು ಆಪರೇಷನ್ ಮೇಜಿನ ಸುತ್ತ ಎಲ್ಲರಿಗೂ ಅಡ್ಡ ಬರುತ್ತಾರೆ, ನೀನು ಸುಮ್ಮನೆ ಚರ್ಮದ ಡಾಕ್ಟರಾಗು ಎಂದು ತನ್ನ ಕಾಲೇಜಿನ ಸರ್ಜನ್ ಹೇಳಿದ್ದನ್ನು ಟೆಸ್ಸಾ ಇದ್ದಂತೆಯೇ ಹೇಳಿಬಿಟ್ಟಳು.

"ನಾನೂ ಬೇಕಾದಷ್ಟು ಜನಕ್ಕೆ ಅದನ್ನೇ ಹೇಳಿದೀನಿ," ಎಂದರು ಡಾ. ಪಿಟ್. ಮುಖದಲ್ಲಿ ನಗೆಯ ಸುಳಿವಿರಲಿಲ್ಲ. ಅವರು ಹೊಸ ದಾರ ತೂರಿಸಿ, ಮಗ್ಗಿಗೆ ಅಂಚಿನವರೆಗೆ ನೀರು ತುಂಬಿಸಿದರು. "ಹಾಕಿ. ನಿಮ್ಮ ಕೈಯಲ್ಲಿ."

ಟೆಸ್ಸಾಳ ಎಡಗೈ ದಾರ ಹಿಡಿಯಿತು. ಗಿಣಿಪಾಠ ಎಲ್ಲೋ ಹಾರಿಹೋಯಿತು. ಮೊದಲ ಸಲ ಆಪರೇಷನ್ ನೋಡಿದಾಗ ಮುದುಕನೊಬ್ಬನ ಕರುಳು ತಿರುಚಿಕೊಂಡು ಕಪ್ಪಿಟ್ಟಿತ್ತು, ಬಿಡಿಸಿದ ಮೇಲೆ ಅದು ಕಣ್ಣೆದುರೇ ನಿಧಾನವಾಗಿ ಗುಲಾಬಿ ಬಣ್ಣಕ್ಕೆ ತಿರುಗಿತು, ಅದನ್ನು ಕಂಡಮೇಲೆ ಬೇರೆ ಯಾವ ಕೆಲಸವೂ ಬೇಡವೆನಿಸಿತು ಎಂದು ಹೇಳುತ್ತಾ ಹೋದಳು. ಬೆರಳುಗಳತ್ತ ನೋಡಲೂ ಇಲ್ಲ. ಗಂಟಿನ ಮೇಲೆ ಗಂಟು ಬಿದ್ದು ಸಾಲಾಗಿ ಕೂತಿತು. ಡಾ. ಪಿಟ್ ಮಗ್ಗನ್ನು ಎತ್ತಿದರು, ಅಲುಗಾಡಿಸಿದರು, ಬೇಕೆಂದೇ ತಮ್ಮ ಮಡಿಲ ಮೇಲೆ ತೂಗಿದರು. ಹನಿಗಳು ಚೆಲ್ಲಿದವೇ ಹೊರತು ಗಂಟು ಜಗ್ಗಲಿಲ್ಲ. ಟೆಸ್ಸಾಗೆ ಎದ್ದು ಕುಣಿಯಬೇಕೆನ್ನುವಷ್ಟು ಖುಷಿಯಾಯಿತು.

ತುದಿ ಕತ್ತರಿಸಲು ಅವರು ಕತ್ತರಿ ಹುಡುಕಿದರು. ಟೆಸ್ಸಾ ಅಭ್ಯಾಸಕ್ಕೆಂದು ಚೀಲದಲ್ಲಿಟ್ಟುಕೊಂಡಿದ್ದ ತನ್ನದನ್ನೇ ಕೊಟ್ಟಳು. ಡಾ. ಪಿಟ್ ಒತ್ತಿದರು. ದಾರ ಅಲಗುಗಳ ನಡುವೆ ಮಡಚಿಕೊಂಡಿತು, ತುಂಡಾಗಲಿಲ್ಲ. ಮತ್ತೆ ಒತ್ತಿದರು. ಒಡೆಟ್ ನಗು ತಡೆಯಲು ಕಿಟಕಿಯ ಕಡೆ ತಿರುಗಿದಳು.

"ಮೊಂಡು ಕತ್ತರಿ," ಎಂದರು ಅವರು.

"ಹರಿತವಾಗೇ ಇದೆ ಸರ್. ಎಡಗೈಗೆ ಅಂತ ಮಾಡಿದ್ದು. ಬಲಗೈಯಲ್ಲಿ ಹಿಡಿದ್ರೆ ಹಾಗೇ." ಟೆಸ್ಸಾ ಅದನ್ನು ಮರಳಿ ಪಡೆದು ಎಡಗೈಯಲ್ಲಿ ಒತ್ತಿದಳು. ದಾರ ಚಕ್ಕನೆ ತುಂಡಾಯಿತು.

"ನಮ್ಮ ಕತ್ತರಿ ನಿಮ್ಮ ಕೈಗೆ ಹೀಗೇನಾ?"

"ದಿನಾ ಹೀಗೇ ಸರ್. ಎಲ್ಲರೂ ನನ್ನ ಕೈನೇ ಸರಿ ಇಲ್ಲ ಅಂತಿದ್ರು."

ಡಾ. ಪಿಟ್ ತಮ್ಮ ಬಲಗೈಯನ್ನೊಮ್ಮೆ ನೋಡಿಕೊಂಡರು. ಸಮಯ ಮುಗಿದಿತ್ತು. ಟೆಸ್ಸಾ ಎದ್ದು ಕೈ ಚಾಚಿದಾಗ ಅವರು ಕುಲುಕಿದರು, ನಿಯಮದಂತೆ ಏನೂ ಹೇಳಲಿಲ್ಲ. ಅವಳು ಬಾಗಿಲು ತಲುಪುವಷ್ಟರಲ್ಲಿ ಹಿಂದಿನಿಂದ ಅವರು ಒಡೆಟ್‌ಗೆ ಹೇಳುತ್ತಿದ್ದ ಮಾತು ಕೇಳಿಸಿತು.

"ಆಪರೇಷನ್ ಥಿಯೇಟರಿಗೆ ಎಡಗೈ ಸಾಮಾನು ಒಂದು ಸೆಟ್ ತರಿಸಿ."

"ಯಾವಾಗ ಬೇಕು ಸರ್?"

"ಜುಲೈ ಒಂದರೊಳಗೆ ಬಂದಿರ್ಬೇಕು."