ಫೋಟೋದಲ್ಲಿರುವಂತೆ

ಟೆಂಪೊ ಓಡಿಸುವ ಕೆಲಸಕ್ಕೆ ಸೇರಿದ ಮೊದಲ ದಿನವೇ ಓಬಳೇಶನನ್ನು ಪೊಲೀಸರು ತಡೆದರು. ಎಸ್ಸೈ ಸಾಹೇಬರು ಹತ್ತು ಮಾರು ಮುಂದೆ ರಸ್ತೆ ನಡುವೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಪೇದೆ ಲೈಸೆನ್ಸ್ ಈಸಿಕೊಂಡ.

“ಏನ್ಲಾ ಅದು ಕನ್ನಡಕದ ಮ್ಯಾಲೆ ಕೊಳವೆ? ಸಿನಿಮಾ ತೆಗೀತಿದ್ದೀಯಾ?”

“ದುರ್ಬೀನು ಸಾರ್. ಬರೀ ಕಣ್ಣಿಗೆ ದೂರದ್ದು ಕಾಣಲ್ಲ. ಇದು ಹಾಕ್ಕೊಂಡೇ ಓಡಿಸ್ಬೇಕು ಅಂತ ಲೈಸೆನ್ಸ್‌ನಾಗೇ ಬರ್ದವ್ರೆ.”

“ಫೋಟೋದಾಗೆ ಇಲ್ವಲ್ಲ?”

“ಫೋಟೋ ತೆಗೆಯೋವಾಗ ಬಿಚ್ಚು ಅಂದ್ರು ಸಾರ್.”

“ಹಂಗಾದ್ರೆ ಈ ಲೈಸೆನ್ಸ್ ನಿಂದಲ್ಲ. ನಡಿ, ಗಾಡಿ ಸ್ಟೇಷನ್‌ಗೆ ಹಾಕು.”

“ಎರಡು ವರ್ಷ ಅಲೆದು ತಗೊಂಡಿದ್ದು ಸಾರ್. ಗಾಡಿ ಸ್ಟೇಷನ್‌ಗೆ ಹೋದ್ರೆ ಓನರ್ ಇವತ್ತೇ ನನ್ನ ಮನೆಗೆ ಕಳಿಸ್ತಾನೆ. ಬೇಕಾದ್ರೆ ಅಗಾ, ಆ ಬಸ್ಸಿನ ಬೋರ್ಡು ಓದ್ತೀನಿ ನೋಡಿ. ಹಿರಿಯೂರು, ನಾನ್‌ಸ್ಟಾಪ್.”

“ನಿಂಗೆ ಕಣ್ಣು ಕಾಣ್ತದಾ ಅಂತ ನಾನೇನಾದ್ರೂ ಕೇಳಿದ್ನಾ? ಬಿಚ್ಚಲೇ ಅದ್ನ.”

ಓಬಳೇಶ ಬಿಚ್ಚಿದ. ಪೇದೆ ಫೋಟೋ ನೋಡಿದ, ಮುಖ ನೋಡಿದ, ಇನ್ನೊಮ್ಮೆ ಫೋಟೋ ನೋಡಿದ.

“ಹಾಂ, ಈಗ ನೀನೇ. ಹಿಂಗೇ ಹೋಗ್ಬೇಕು. ಮತ್ತೆ ಹಾಕ್ಕೊಂಡಿದ್ದು ಕಂಡ್ರೆ ಕೇಸು ಜಡೀತೀನಿ.”

“ಹಿಂಗೇನಾ ಸಾರ್?”

“ಹಿಂಗೇ.”

ಓಬಳೇಶ ದುರ್ಬೀನನ್ನು ಜೇಬಿಗಿಟ್ಟು ಸೀಟು ಹತ್ತಿದ. ಟೆಂಪೊ ಸ್ಟಾರ್ಟ್ ಮಾಡಿ ಗೇರ್ ಹಾಕಿದ. ಸಾಹೇಬರು ಇನ್ನೂ ಅಲ್ಲೇ ಫೋನಿನಲ್ಲಿದ್ದರು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಪೇದೆಯನ್ನು ವಿನಯದಿಂದ ಕೇಳಿದ:

“ಸಾರ್, ಮುಂದೆ ನಿಂತಿರೋದು ದನಾನಾ?”