ಬಲಗಿವಿಯ ಸದ್ದು

ನನ್ನ ಬಲಗಿವಿಯಲ್ಲಿ ಎದೆಬಡಿತಕ್ಕೆ ಸರಿಯಾಗಿ ಸುಯ್, ಸುಯ್ ಎಂಬ ಸದ್ದು ಶುರುವಾಗಿ ಎರಡು ವರ್ಷವಾಗಿತ್ತು. ಎಷ್ಟೋ ದಿನ ಬೆಳಗಿನವರೆಗೂ ನಿದ್ದೆ ಹತ್ತುತ್ತಿರಲಿಲ್ಲ. ಈಕೆ ನಾಲ್ಕನೆಯ ಡಾಕ್ಟರು. ನಾನು ಬಾಯಿ ತೆರೆಯುವ ಮೊದಲೇ ಗಂಡ ಫೈಲನ್ನು ಮೇಜಿನ ಮೇಲೆ ಎಸೆದ.

“ಎಲ್ಲಾ ರಿಪೋರ್ಟೂ ನಾರ್ಮಲ್ ಮೇಡಂ. ಇಲ್ಲದ್ದೆಲ್ಲ ಕೇಳಿಸ್ಕೊಳ್ಳೋದು ಇವಳಿಗೊಂದು ಚಟ. ಮನಸ್ಸಿನ ಡಾಕ್ಟರಿಗೆ ತೋರ್ಸಿ ಅಂತ ನೀವೇ ಬರ್ದ್ಕೊಡಿ.”

“ನಾನು ನಿಮ್ಮನ್ನ ಕೇಳ್ಲಿಲ್ಲ,” ಎಂದರು ಡಾಕ್ಟರು. ನನ್ನ ನಾಡಿ ಹಿಡಿದು, ಸ್ಟೆತಾಸ್ಕೋಪನ್ನು ಬಲಗಿವಿಯ ಹಿಂದೆ ಒತ್ತಿ ಬಹಳ ಹೊತ್ತು ಆಲಿಸಿದರು. ಹಿಂದಿನ ಮೂವರೂ ಹಾಗೆ ಮಾಡಿರಲಿಲ್ಲ.

“ನನಗೂ ಕೇಳಿಸ್ತಿದೆಯಮ್ಮಾ. ಇದು ರಕ್ತನಾಳದ ತೊಂದರೆ ಇರ್ಬೇಕು. ಸ್ಕ್ಯಾನ್ ಇವತ್ತೇ ಆಗ್ಲಿ.” ಆಮೇಲೆ ಗಂಡನತ್ತ ತಿರುಗಿದರು. “ಇಷ್ಟು ಜೋರಿದೆ, ಪಕ್ಕದಲ್ಲಿ ಮಲಗೋರಿಗೂ ಕೇಳ್ಬೇಕಲ್ಲ?”

ಗಂಡ ನಕ್ಕ. “ಪಕ್ಕದಲ್ಲಿ ಮಲಗಿದ್ರೆ ತಾನೆ? ಒಂದೇ ಸಮ ಸುಯ್ ಸುಯ್ ಅಂತ ಇವಳ ಗೊರಕೆ. ತಡೀಲಾರ್ದೆ ದಿಂಬು ಎತ್ಕೊಂಡು ಹೋಗಿ ಹಾಲ್‌ನಲ್ಲಿ ಮಲಗೋಕೆ ಶುರುಮಾಡಿ ವರ್ಷ ಆಯ್ತು.”

ನಾನು ಅವನ ಮುಖವನ್ನೇ ನೋಡಿದೆ.

“ನೀವು ದಿಂಬು ಎತ್ಕೊಂಡು ಹೊರಟಾಗ ನಾನು ಎಚ್ಚರವಾಗೇ ಇದ್ದೆ ರೀ.”